ಕರಿ ಉಣ್ಣೆಯ ಧಾಬಳಿ

ಸೇಲಂ ಊರಿನ ಬಿಸಿಲಿನಲ್ಲಿ ಕೂತು ಉಣ್ಣೆ ಹೆಣೆಯುವವಳಿಗೆ ತಲೆ ನೆಟ್ಟಗಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಯಾರೂ ಹೇಳಲಿಲ್ಲ. ಅಗ್ರಹಾರದ ಬೀದಿಯಲ್ಲಿ ಹೂ ಮಾರುತ್ತಿದ್ದ ಪಳನಿಯಮ್ಮ ದಿನಾ ಜಗಲಿಯ ಮುಂದೆ ಬುಟ್ಟಿ ಇಳಿಸಿ, "ಎನ್ನ ಮಾಮಿ, ಯಾರುಕ್ಕು ಸ್ವೆಟ್ಟರ್? ಸೂರಿಯನುಕ್ಕಾ?" ಎಂದು ಕೇಳುವಳು. ಸೂರ್ಯನಿಗೇ ಸ್ವೆಟರ್ ತೊಡಿಸಲು ಹೊರಟ ಹೆಂಗಸನ್ನು ನೋಡಿ ನಗುತ್ತಾ ಹೋಗುವಳು. ಕಮಲಿನಿ ತಲೆ ಎತ್ತುತ್ತಿರಲಿಲ್ಲ. ತಲೆ ಎತ್ತಿದರೆ ಹೆಣಿಗೆಯ ಒಂದು ಕಣ್ಣು ತಪ್ಪುತ್ತದೆ, ಒಂದು ಕಣ್ಣು ತಪ್ಪಿದರೆ ಸಾಲೇ ಕೆಡುತ್ತದೆ. ನಗುವವರಿಗೇನು, ಹಲ್ಲು ಬಿಟ್ಟರೆ ಕೆಲಸ ಮುಗಿಯಿತು.

ಅವಳು ಹೆಣೆಯುತ್ತಿದ್ದದ್ದು ಸ್ವೆಟರ್ ಅಲ್ಲ, ಧಾಬಳಿ. ಮಾಧ್ವರ ಮನೆಗಳಲ್ಲಿ ಅಡಿಗೆಗೂ ಪೂಜೆಗೂ ಉಡುವ ಉಣ್ಣೆಯ ವಸ್ತ್ರ ಅದು. ಹತ್ತಿಯ ಸೀರೆಯಾದರೆ ದಿನಾ ಹಿಂಡಿ ಎತ್ತರದ ಗಳುವಿನ ಮೇಲೆ ಒಣಹಾಕಬೇಕು, ಯಾರದಾದರೂ ಮೈ ತಾಗಿತೋ ಮಡಿ ಹೋಯಿತು. ಉಣ್ಣೆಗೆ ಆ ಭಯವಿಲ್ಲ. ಕುರಿಯ ಮೈಮೇಲಿನದಕ್ಕೆ ಮೈಲಿಗೆ ತಟ್ಟುವುದಿಲ್ಲವೆಂದು ಶಾಸ್ತ್ರ. ಕುರಿಗಿರುವ ಈ ಯೋಗ್ಯತೆ ಮನೆಯ ಸೊಸೆಗೆ ಯಾಕಿಲ್ಲ ಎಂಬುದನ್ನು ಆ ಶಾಸ್ತ್ರ ಬರೆದ ಮಹಾನುಭಾವರನ್ನೇ ಕೇಳಬೇಕು.

ಕಮಲಿನಿ ಏರ್ಕಾಡಿನ ಹುಡುಗಿ. ಅಪ್ಪ ಅಲ್ಲಿ ಕಾಫಿ ಎಸ್ಟೇಟೊಂದರ ಆಫೀಸಿನಲ್ಲಿ ಗುಮಾಸ್ತ. ಬೆಟ್ಟದ ಮೇಲೆ ಹೆಣ್ಣುಮಕ್ಕಳಿಗೆ ಇದ್ದದ್ದು ಕಾನ್ವೆಂಟ್ ಸ್ಕೂಲು ಮಾತ್ರ, ಅಲ್ಲಿ ಓದಿದಳು. ಸಿಸ್ಟರ್‌ಗಳು ಇಂಗ್ಲಿಷ್ ಕಲಿಸಿದರು, ಲೆಕ್ಕ ಕಲಿಸಿದರು, ಚಳಿಗಾಲದಲ್ಲಿ ಬೆಂಕಿಯ ಮುಂದೆ ಕೂರಿಸಿ ಹೆಣಿಗೆ ಕಲಿಸಿದರು. "ಮುಗಿದದ್ದನ್ನು ನೋಡಬೇಡ, ಉಳಿದದ್ದನ್ನೂ ನೋಡಬೇಡ, ಕೈಯಲ್ಲಿರುವ ಕಣ್ಣನ್ನು ನೋಡು" ಎಂದು ಒಬ್ಬ ಮುದಿ ಸಿಸ್ಟರ್ ಕಿವಿ ಹಿಂಡಿ ಹೇಳಿದ್ದಳು. ಮಧ್ಯಾಹ್ನ ಬ್ರೆಡ್ಡು ಕೊಟ್ಟರು, ಹುಡುಗಿ ತಿಂದಳು. ಹಸಿದ ಮಗು ಬ್ರೆಡ್ಡು ತಿಂದದ್ದು ಮುಂದೆ ಇಷ್ಟು ದೊಡ್ಡ ಮಾತಾಗುತ್ತದೆ ಎಂದು ಯಾರು ಕಂಡಿದ್ದರು!

ಎಪ್ಪತ್ತರ ದಶಕದ ಕೊನೆಯಲ್ಲಿ ಸೇಲಂನ ಹೃಷೀಕೇಶನ ಜೊತೆ ಮದುವೆಯಾಯಿತು. ಹುಡುಗ ಸರಕಾರಿ ಕಚೇರಿಯ ನೌಕರ, ಸಾಧು. ಮಾವ ವೆಂಕಣ್ಣನವರು ಜಾತಕ ನೋಡಿ ಒಪ್ಪಿದರು. ಅತ್ತೆ ಸುಭದ್ರಾಬಾಯಿ ಮಾತ್ರ, "ಕಾನ್ವೆಂಟಿನ ಬ್ರೆಡ್ಡು ತಿಂದವಳು, ಮನೆಗೆ ಬರಲಿ, ಒಳಗಿನ ಒಲೆಯ ಹತ್ತಿರ ಬೇಡ" ಅಂದರು. ಹೊಸ ಸೊಸೆ ಮೊದಲನೆಯ ಸಲ ಅನ್ನದ ಪಾತ್ರೆ ಹಿಡಿದು ಬಡಿಸಲು ಬಂದಾಗ ಸುಭದ್ರಾಬಾಯಿ ತಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ನನಗೆ ಬೇಡಮ್ಮ. ನಂದು ಒಳಗೆ ಬೇರೆ ಇದೆ. ಅವರಿಗೆಲ್ಲ ಹಾಕು." ಬೀಗರು, ನೆಂಟರು, ಅಡಿಗೆಯವರು ಎಲ್ಲರೂ ನೋಡಿದರು. ಕಮಲಿನಿ ಸೌಟು ಹಿಡಿದು ಮುಂದಿನ ಎಲೆಗೆ ಹೋದಳು.

ಅಂದಿನಿಂದ ಆ ಮನೆಯಲ್ಲಿ ಎರಡು ಅಡಿಗೆ. ಹಿತ್ತಲ ಕಡೆಯ ಗ್ಯಾಸ್ ಒಲೆಯ ಮೇಲೆ ಕಮಲಿನಿ ಎಲ್ಲರಿಗೂ ಬೇಯಿಸುವಳು, ಒಳಗಿನ ಮಣ್ಣೊಲೆಯ ಮೇಲೆ ಸುಭದ್ರಾಬಾಯಿ ತಮಗೂ ದೇವರಿಗೂ ಬೇಯಿಸಿಕೊಳ್ಳುವರು. ಕಮಲಿನಿಯ ಹೊಟ್ಟೆಯಲ್ಲಿ ಹುಟ್ಟಿದ ವಸುಧಾ ಒಳಗೆ ಹೋಗಿ ಅಜ್ಜಿಯ ಕೈತುತ್ತು ತಿನ್ನಬಹುದು, ಅವಳನ್ನು ಹೆತ್ತವಳು ಹೊಸ್ತಿಲ ಆಚೆ ನಿಂತು ನೋಡಬೇಕು. ವೆಂಕಣ್ಣನವರು ತೀರಿಕೊಂಡರು, ವಸುಧಾ ದಾವಣಿ ಉಡುವಷ್ಟಾದಳು, ಅಜ್ಜಿಯ ಎಲೆಯ ಮೇಲಿನ ಕೈ ಮಾತ್ರ ಅಡ್ಡವೇ ಇತ್ತು. ಕಮಲಿನಿಗೆ ಬೇರೆ ಆಸೆಗಳೂ ಇದ್ದಿರಬಹುದು, ಒಡವೆಯದು, ಸೀರೆಯದು. ಅವೆಲ್ಲ ಒಂದೊಂದಾಗಿ ಬಾಡಿದವು. ಅತ್ತೆ ಒಂದು ದಿನ ತನ್ನ ಕೈಯ ಅನ್ನ ಉಣ್ಣಬೇಕು ಎನ್ನುವುದೊಂದು ಬಾಡಲಿಲ್ಲ. "ಹಾಳಾಗಿ ಹೋಗಲಿ ಬಿಡೇ, ಅಮ್ಮ ಹಾಗೇ," ಎನ್ನುವನು ಹೃಷೀಕೇಶ. ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಇಂಥ ಮಾತು ಹೇಳುವುದು ಸುಲಭ.

ತೊಂಬತ್ತೊಂದರಲ್ಲಿ ಒಂದು ದಿನ ಸುಭದ್ರಾಬಾಯಿಗೆ ಜ್ವರ. ಆದರೂ ಮೈ ನಡುಗಿಸುತ್ತಾ ಒಲೆಯ ಮುಂದೆ ಕೂತಿದ್ದರು. ಉಟ್ಟಿದ್ದ ಹಳೆಯ ಧಾಬಳಿಯನ್ನು ನುಸಿ ತಿಂದು ಜಾಳುಜಾಳಾಗಿತ್ತು. ಕಮಲಿನಿ ಹೊಸ್ತಿಲ ಹತ್ತಿರ ನಿಂತು, "ಅತ್ತೆ, ಇವತ್ತೊಂದು ದಿನ ನಾನು ಮಾಡ್ತೀನಿ, ಸ್ನಾನ ಮಾಡಿಕೊಂಡು ಬರ್ತೀನಿ," ಅಂದಳು.

"ಏನು ಉಟ್ಕೊಂಡು ಬರ್ತೀಯ?"

"ಒಂದು ಧಾಬಳಿ ತರಿಸ್ತೀನಿ."

"ಅಂಗಡೀದಾ? ಅದನ್ನು ಎಷ್ಟು ಜನ ಮುಟ್ಟಿರ್ತಾರೋ, ಎಲ್ಲೆಲ್ಲಿ ಬಿದ್ದಿರುತ್ತೋ! ಕಾನ್ವೆಂಟಿನ ಅಮ್ಮಂದಿರು ಕಡ್ಡಿ ಆಡಿಸೋದು ಕಲಿಸಿದ್ದಾರಲ್ಲ, ನಿನ್ನ ಕೈಯಿಂದಲೇ ಒಂದು ಹೆಣೆದುಕೋ. ಹೊಲಿಗೆ ಬೀಳಬಾರದು, ಜೋಡಣೆ ಇರಬಾರದು, ಒಂದೇ ತುಂಡು. ಅದನ್ನು ಉಟ್ಕೊಂಡು ಬಾ, ನಿನ್ನ ಕೈಲಿ ಉಣ್ತೀನಿ. ಈಗ ಆಚೆ ಹೋಗು, ನೆರಳು ಬೀಳುತ್ತೆ."

ಬಾಯಿ ಮುಚ್ಚಿಸಲು ಆಡಿದ ಮಾತು ಅದು, ಯಾರಿಗಾದರೂ ಗೊತ್ತಾಗುವಂಥದ್ದು. ಕಮಲಿನಿಗೆ ಮಾತ್ರ ಅದು ವಾಗ್ದಾನವಾಗಿ ಕೇಳಿಸಿತು. ಬಾಯಾರಿದವಳಿಗೆ ಬಿಸಿಲ್ಗುದುರೆಯೂ ಕೆರೆಯೇ. ಅವತ್ತೇ ಸಾಯಂಕಾಲ ಬಜಾರಿಗೆ ಹೋಗಿ ಕೇಸರಿ ಬಣ್ಣದ ಉಲ್ಲನ್ ಉಂಡೆಗಳನ್ನು ಚೀಲ ತುಂಬಾ ತಂದಳು. ನಡುವೆ ತಂತಿ ಇರುವ ಜೋಡಿ ಸೂಜಿ ಏರ್ಕಾಡಿನಿಂದ ತಂದದ್ದು ಪೆಟ್ಟಿಗೆಯಲ್ಲೇ ಇತ್ತು.

ಎದೆಯಿಂದ ಹಿಮ್ಮಡಿಯವರೆಗೆ ಬರುವಷ್ಟು ಅಗಲ, ಮೈಗೆ ಸುತ್ತಿ ಸೆರಗು ಹೊದೆಯುವಷ್ಟು ಉದ್ದ. ಅದೂ ಸಣ್ಣ ಕಣ್ಣಿನ ಹೆಣಿಗೆ, ದೊಡ್ಡ ಕಣ್ಣಾದರೆ ಮೈ ಕಾಣುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಕುಕ್ಕರ್ ಕೂಗಿ ಆರುತ್ತಿತ್ತು. ಬೆರಳು ಬೆವರಿ ಎಳೆ ಅಂಟುವುದು, ಕೈಗೆ ಪೌಡರ್ ಬಳಿದುಕೊಳ್ಳಬೇಕು. ಫ್ಯಾನ್ ಹಾಕಿದರೆ ಜುಂಗು ಹಾರಿ ಸಾರಿಗೆ ಬೀಳುವುದು, ಫ್ಯಾನ್ ಹಾಕುವಂತಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ತೊಡೆಯ ಮೇಲೆ ಆ ರಾಶಿ ಇಟ್ಟುಕೊಂಡರೆ ತೊಡೆ ಬೆಂದು ಹೋಗುವುದು.

ಮನಸ್ಸನ್ನು ಹಿಡಿದಿಡಲು ಅವಳದೇ ಒಂದು ದಾರಿ ಇತ್ತು. ಸಾಲಿಗೊಂದು ಕೇಶವ ನಾಮ. ಕೇಶವ ಎಂದು ಮೊದಲ ಸಾಲು, ನಾರಾಯಣ ಎಂದು ಎರಡನೆಯದು, ಮಾಧವ, ಗೋವಿಂದ, ಹೀಗೆ ಕೃಷ್ಣನವರೆಗೆ ಹೋಗಿ ಮತ್ತೆ ಕೇಶವನಿಂದ. ಸಾಲಿನ ಕೊನೆಯಲ್ಲಿ ಯಾವ ನಾಮ ಎಂದು ನೆನಪಿಲ್ಲದಿದ್ದರೆ ಮನಸ್ಸು ಎಲ್ಲೋ ಓಡಿಹೋಗಿತ್ತೆಂದೇ ಲೆಕ್ಕ. ಆ ಸಾಲನ್ನು ಬಿಚ್ಚಿ ಮತ್ತೆ ಹೆಣೆಯುವಳು. ಕಣ್ಣು ಸರಿಯಾಗಿಯೇ ಬಿದ್ದಿದ್ದರೂ ಬಿಚ್ಚುವಳು. ಮುಗಿದ ಭಾಗವನ್ನು ಹಳೆಯ ದಿಂಬಿನ ಚೀಲಕ್ಕೆ ತುಂಬಿ ಬಾಯಿ ಕಟ್ಟಿಡುವಳು, ಎಷ್ಟಾಯಿತೆಂದು ನೋಡುವ ಚಪಲ ಆಗಬಾರದಲ್ಲ. ಹೊರಗೆ ಕೂರುವ ಮೂರು ದಿನ ಸೂಜಿ ಮುಟ್ಟುತ್ತಿರಲಿಲ್ಲ. "ಅಮ್ಮಾ, ವಿಟ್ಟುಡು ಮಾ, ಪಾಟಿ ಚುಮ್ಮಾ ಸೊಲ್ಲಿಟ್ಟಾಂಗ," ಎಂದು ವಸುಧಾ ತಮಿಳಿನಲ್ಲೇ ಗದರಿಸುವಳು. ಅಜ್ಜಿ ಸುಮ್ಮನೆ ಹೇಳಿದ್ದು ಅಂತ ಆ ಹುಡುಗಿಗೂ ಗೊತ್ತಾಗಿತ್ತು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಒಂದು ಸಂಜೆ ದೇವರಿಗೆ ಹಚ್ಚಿದ ಊದುಬತ್ತಿಯ ಕಿಡಿ ಹಾರಿ ಹೆಣಿಗೆಯ ಅಂಚಿಗೆ ಬಿತ್ತು. ಕಮಲಿನಿ ತಟ್ಟನೆ ಒರೆಸಿದಳು. ಬೆರಳಿಗೆ ಗಟ್ಟಿ ಮಣಿಯೊಂದು ಸಿಕ್ಕಿತು. ಮೂಗಿಗೆ ಹಿಡಿದಳು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಏರ್ಕಾಡಿನಲ್ಲಿ ಬೆಂಕಿಯ ಮುಂದೆ ಹೆಣೆದವಳಿಗೆ ಅದು ಗೊತ್ತು. ಇದು ಪ್ಲಾಸ್ಟಿಕ್ ಬಕೆಟ್ಟು ಸುಟ್ಟ ವಾಸನೆ. ಗ್ಯಾಸ್ ಹಚ್ಚಿ ಒಂದು ಎಳೆ ಹಿಡಿದಳು. ಎಳೆ ಕರಗಿ ಮುದ್ದೆಯಾಗಿ ಕಪ್ಪು ಹನಿ ಇಳಿಯಿತು.

ಮರುದಿನ ಬಜಾರಿಗೆ ಓಡಿ, ಇದು ಕುರಿಯ ಉಣ್ಣೆಯೋ ಎಂದು ಅಂಗಡಿಯವನನ್ನು ಕೇಳಿದಳು. ಅವನು ಕಣ್ಣರಳಿಸಿದ. "ಆಡಾ? ಆಡು ಎಂಗಮ್ಮಾ ಇರುಕ್ಕು ಇದುಲೆ? ಮಿಲ್ ನೂಲು ಮಾ. ತುವಚ್ಚಾ ಸುರುಂಗಾದು!" ಇದರಲ್ಲಿ ಕುರಿ ಎಲ್ಲಿ ಬಂತು, ಮಿಲ್ಲಿನ ನೂಲು, ಒಗೆದರೆ ಕುಗ್ಗುವುದಿಲ್ಲ ಎಂದು ಅದನ್ನೇ ದೊಡ್ಡ ಗುಣವೆಂಬಂತೆ ಹೇಳಿದ. ಉಲ್ಲನ್ ಎಂದು ಕೇಳಿದವರಿಗೆಲ್ಲ ಊರಲ್ಲಿ ಕೊಡುವುದು ಅದನ್ನೇ. ಅವನದೇನು ತಪ್ಪು? ಕುರಿಯದೇ ಬೇಕು ಎನ್ನುವ ಹುಚ್ಚಿ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ.

"ಯಾರಿಗೆ ಗೊತ್ತಾಗುತ್ತೆ? ಮುಗಿಸಿಬಿಡು," ಅಂದ ಹೃಷೀಕೇಶ.

"ನನಗೆ ಗೊತ್ತಾಗಿದೆಯಲ್ಲ."

"ನಿನ್ನ ಮಂಡೆ!"

ಅವಳು ದಿಂಬಿನ ಚೀಲದ ಬಾಯಿ ಬಿಚ್ಚಿದಳು. ಎಳೆಯ ತುದಿ ಹಿಡಿದು ಎಳೆದಳು. ಸರ್ರನೆ ಬಂತು ನೋಡಿ, ತಡೆಯಿಲ್ಲದೆ ಬಂತು, ಒಂದೊಂದು ಸಾಲಿಗೂ ಹೇಳಿದ ಕೇಶವ ನಾರಾಯಣರೆಲ್ಲ ಒಬ್ಬರ ಹಿಂದೊಬ್ಬರು ಬಿಚ್ಚಿಕೊಂಡು ಹೋದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಡುಮನೆಯಲ್ಲಿ ಕೇಸರಿ ಬಣ್ಣದ ಗುಡ್ಡೆ ಎದ್ದಿತು. ಆಮೇಲೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅತ್ತು ಸುಮ್ಮನಾದಳೇ? ಇಲ್ಲ. ಅಲ್ಲೇ ಇದ್ದದ್ದು ಅವಳ ಗ್ರಹಚಾರ. ಓಮಲೂರಿನ ಸಂತೆಗೆ ಕುರಿಯವರು ಬರುತ್ತಾರೆ ಎಂದು ಪಳನಿಯಮ್ಮ ಹೇಳಿದಳು. ಬಸ್ಸು ಹತ್ತಿ ಹೋದಳು. ಅಲ್ಲಿ ಸಿಕ್ಕವಳು ರಾಮಕ್ಕ, ಪೆನ್ನಾಗರದ ಕಡೆಯ ಕುರಿಗಾರರ ಮನೆಯವಳು, ಬಾಯಲ್ಲಿ ಅಪ್ಪಟ ಕನ್ನಡ. ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇತ್ತು.

"ಉಣ್ಣೆ ಐತೆ ಕಣಮ್ಮಾ. ಕರೇದೇ ಇರಾದು, ನಮ್ ಕುರಿ ಎಲ್ಲಾ ಕರೇವೇ. ಏನಕ್ಕೆ, ಕಂಬ್ಳಿಗಾ?"

"ಮಡಿ ಉಡಲಿಕ್ಕೆ. ನಮ್ಮತ್ತೆ ಒಳಗಿನ ಅಡಿಗೆಮನೆಗೆ ಬಿಡಬೇಕು ಅಂದ್ರೆ ಉಣ್ಣೆಯೇ ಆಗಬೇಕು."

ರಾಮಕ್ಕನ ಕದಿರು ನಿಂತಿತು. "ಅಂಗಂದ್ರೆ, ನಮ್ ಕುರಿ ಕೂದ್ಲು ನಿಮ್ಮನೆ ಒಲೆ ಮುಂದ್ಕೆ ಓಗಬೌದು. ನಾನು ಓಗಂಗಿಲ್ಲ."

"ನಾನೂ ಹೋಗೋ ಹಾಗಿಲ್ಲ ರಾಮಕ್ಕ."

"ಅಯ್ ಶಿವನೇ!" ಎಂದು ರಾಮಕ್ಕ ಗಹಗಹಿಸಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕಮಲಿನಿಯ ಮುಖ ನೋಡಿದಳು. "ನೂತು ಮಡಗ್ತೀನಿ ಓಗು. ಸತ್ ಕುರೀದು ಬೆರ್ಸಲ್ಲ, ಉಸುರಿರೋ ಕುರೀದೇ. ಆದ್ರೆ ಕತ್ತರಿ ಆಕೋ ಕಾಲ ಬರಬೇಕು, ಪೊರುಮೆ ಬೇಕು ಕಣವ್ವಾ." ತಮಿಳಿನ ಪೊರುಮೆಯೆಂದರೆ ತಾಳ್ಮೆ. ತಾಳ್ಮೆಯನ್ನು ಕಮಲಿನಿಗೆ ಹೇಳಿಕೊಡುವವರೇ ಎಲ್ಲರೂ.

ಕುರಿಯ ಕೂದಲು ಕತ್ತರಿಸುವುದು ವರ್ಷಕ್ಕೆ ಎರಡೇ ಸಲ. ನೂಲು ಬಂದಷ್ಟು ಹೆಣೆಯುವುದು, ಮುಗಿದರೆ ಕಾಯುವುದು. ಕೈಯಲ್ಲಿ ನೂತ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಸೂಜಿಯ ಹಿಡಿತ ಗಳಿಗೆಗೊಮ್ಮೆ ಬದಲಾಗಬೇಕು. ಮುಳ್ಳಿನಂಥ ಒರಟು ಕೂದಲು ಬೆರಳನ್ನು ತಿಂದು ಹಾಕಿತು. ಒಗೆದು ಒಗೆದು ತಂದರೂ ಮಳೆ ಬಂದ ದಿನ ಕುರಿಯ ವಾಸನೆ ಏಳುವುದು. "ಮನೆಯೆಲ್ಲಾ ಕುರಿದೊಡ್ಡಿ ಮಾಡಿದಾಳೆ ಈ ಏರ್ಕಾಡಿನವಳು," ಎಂದು ಸುಭದ್ರಾಬಾಯಿ ಮೂಗಿಗೆ ಸೆರಗು ಹಿಡಿಯುವರು. ಕಮಲಿನಿಯ ಬಾಯಲ್ಲಿ ಕೇಶವ, ನಾರಾಯಣ, ಮಾಧವ. ಕಣ್ಣಿಗೆ ಕನ್ನಡಕ ಬಂತು. ಕರಿ ಎಳೆಯ ಕರಿ ಕಣ್ಣು ಹಗಲಲ್ಲೇ ಕಾಣುತ್ತಿರಲಿಲ್ಲ, ಬೆರಳಿನಿಂದ ತಡವಿ ತಡವಿ ಹೆಣೆದಳು.

ಈ ನಡುವೆ ಮೈದುನ ಗುರುಚರಣನಿಗೆ ಮದುವೆಯಾಯಿತು. ಹುಡುಗಿ ಮೈತ್ರೇಯಿ, ಆಚಾರವಂತರ ಮನೆಯವಳು, ನಗುನಗುತ್ತಾ ಇರುವವಳು, ಬಾಯಿ ಒಂದು ಗಳಿಗೆ ಮುಚ್ಚದವಳು. ಕೆಟ್ಟವಳಲ್ಲ ಪಾಪ. ಅವಳ ತೌರಿನವರು ಯಾತ್ರೆಗೆ ಹೋದಾಗ ಅಂಗಡಿಯಲ್ಲಿ ಕೊಂಡಿದ್ದ ಕೇಸರಿ ಧಾಬಳಿಯೊಂದನ್ನು ಮದುವೆಯಲ್ಲಿ ಕೊಟ್ಟಿದ್ದರು. ಮೂರನೆಯ ದಿನವೇ ಅದನ್ನು ಉಟ್ಟು ಒಳಗಿನ ಒಲೆಯ ಮುಂದೆ ಕೂತಳು. ಸುಭದ್ರಾಬಾಯಿ ಅವಳ ಕೈಯ ಹುಳಿಯನ್ನ ಉಂಡು, "ಬಂಗಾರದಂಥ ಕೈ" ಅಂದರು. ಅಂಗಡಿಯ ಧಾಬಳಿಯನ್ನು ಎಷ್ಟು ಜನ ಮುಟ್ಟಿದ್ದರೋ ಎನ್ನುವ ಮಾತು ಆಗ ಯಾರಿಗೂ ನೆನಪಾಗಲಿಲ್ಲ. ಒಣಹಾಕಿದ್ದ ಆ ಧಾಬಳಿ ಗಾಳಿಗೆ ಹಾರಿ ಕಮಲಿನಿಯ ಮುಖಕ್ಕೆ ತಾಗಿತು. ಮೆತ್ತಗೆ, ನುಣ್ಣಗೆ, ತಾನು ಬಿಚ್ಚಿ ಹಾಕಿದ ಅದೇ ಮಿಲ್ಲಿನ ನೂಲು. ಕೆನ್ನೆಗೇ ಗೊತ್ತಾಯಿತು.

ಆಗ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಹಲ್ಲು ಕಚ್ಚಿ ಹೆಣೆದಳು. ತೊಂಬತ್ತೈದರ ಶ್ರಾವಣದಲ್ಲಿ ಕೊನೆಯ ಕಣ್ಣು ಮುಚ್ಚಿತು. ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಆ ಕರಿ ಧಾಬಳಿಯನ್ನು ಸುತ್ತಿಕೊಂಡು, ಒದ್ದೆ ಕೂದಲ ತುದಿಗೆ ಗಂಟು ಹಾಕಿ, ಒಳಗಿನ ಹೊಸ್ತಿಲ ಮುಂದೆ ನಿಂತಳು. ಮೈಯೆಲ್ಲ ಚುಚ್ಚುತ್ತಿತ್ತು. ಮುಖದಲ್ಲಿ ಮದುವಣಗಿತ್ತಿಯ ನಾಚಿಕೆ ಇತ್ತು.

"ಅತ್ತೆ, ಮುಗೀತು. ಹೊಲಿಗೆ ಇಲ್ಲ, ಜೋಡಣೆ ಇಲ್ಲ. ಒಂದೇ ತುಂಡು."

ಸುಭದ್ರಾಬಾಯಿ ತಿರುಗಿ ನೋಡಿದರು. ಅಷ್ಟರಲ್ಲಾಗಲೇ ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನತೊಡಗಿತ್ತು. ಹತ್ತಿರ ಬಂದು ಸೆರಗನ್ನು ಬೆರಳಲ್ಲಿ ಹೊಸಕಿದರು.

"ಇದೇನೇ ಇದು? ಕುರುಬರ ಕಂಬಳಿ! ಶುಕ್ರವಾರದ ದಿನ ಮೈತುಂಬಾ ಕಪ್ಪು ಸುತ್ಕೊಂಡು ದೇವರ ಒಲೆ ಮುಂದೆ ನಿಲ್ತೀಯಾ?"

"ನಿಜವಾದ ಉಣ್ಣೆ ಅತ್ತೆ. ನೀವು ಹೇಳಿದ್ದಿರಿ..."

"ಏನೋ ಹೇಳಿರ್ತೀನಿ ಬಿಡು. ಮೈತ್ರೇಯಿ ಇದಾಳಲ್ಲ ಈಗ."

"ಅವಳದ್ದು ಉಣ್ಣೆಯೇ ಅಲ್ಲ!" ಎಂದು ಕಮಲಿನಿ ಕೂಗಿದಳು. ಹದಿನೇಳು ವರ್ಷದಲ್ಲಿ ಆ ಮನೆಯಲ್ಲಿ ಅವಳು ಕೂಗಿದ್ದು ಅದೇ ಮೊದಲು. "ಪ್ಲಾಸ್ಟಿಕ್ಕು! ಒಂದೆಳೆ ಸುಟ್ಟು ತೋರಿಸ್ತೀನಿ, ಬನ್ನಿ."

ಮೈತ್ರೇಯಿ ಸೌಟು ಹಿಡಿದು ಕಲ್ಲಾಗಿ ನಿಂತಳು. ಸುಭದ್ರಾಬಾಯಿಯ ಮುಖ ಬಿಗಿಯಿತು. "ಹೊಟ್ಟೆಕಿಚ್ಚಿನವಳೇ, ಅವಳ ಸೆರಗಿಗೆ ಬೆಂಕಿ ಇಡ್ತೀಯಾ? ಆಚೆ ನಡಿ. ಆ ಕಂಬಳಿ ಹೊರಗೆ ಕೂತಾಗ ಹಾಸ್ಕೊಳ್ಳೋದಕ್ಕೆ ಆಗುತ್ತೆ, ಇಟ್ಕೋ."

ಹಾಗೇ ಆಯಿತು. ಹೆಂಗಸು ಹೊರಗಾದಾಗ ಕಂಬಳಿ ಹಾಸಿಕೊಳ್ಳುವುದು ಪದ್ಧತಿ, ಅದಕ್ಕೂ ಮೈಲಿಗೆ ತಟ್ಟದಲ್ಲ. ದೇವರ ಒಲೆಗೆಂದು ಹೆಣೆದದ್ದನ್ನು ಹಾಸಿಕೊಂಡು ಕಮಲಿನಿ ತಿಂಗಳಿಗೆ ಮೂರು ದಿನ ಹಿತ್ತಲ ಕೋಣೆಯಲ್ಲಿ ಬಿದ್ದುಕೊಂಡಳು. ಸೂಜಿಯನ್ನು ಮತ್ತೆ ಕೈಯಲ್ಲಿ ಹಿಡಿಯಲಿಲ್ಲ. ಕೇಶವ ನಾಮ ಮಾತ್ರ, ಬೇಡವೆಂದರೂ, ಕೈ ಖಾಲಿ ಇದ್ದಾಗ ಬಾಯಿಗೆ ಬರುವುದು.

ಗುರುಚರಣನಿಗೆ ಕೊಯಮತ್ತೂರಿಗೆ ವರ್ಗವಾಯಿತು, ಮೈತ್ರೇಯಿ ಧಾಬಳಿಯನ್ನು ಅತ್ತೆಯ ಗಳುವಿನ ಮೇಲೇ ಬಿಟ್ಟು ಹೋದಳು. ಸುಭದ್ರಾಬಾಯಿ ಮತ್ತೆ ತಾವೇ ಬೇಯಿಸಿಕೊಂಡರು, ಕಣ್ಣು ಪೂರ್ತಿ ಹೋದ ಮೇಲೂ ತಡವಿಕೊಂಡು ಬೇಯಿಸಿಕೊಂಡರು. ತೊಂಬತ್ತೆಂಟರ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ನಡುಮನೆಯಲ್ಲಿ ಮಂಚ ಹಾಕಿದರು.

ಮೈತ್ರೇಯಿ ಓಡಿ ಬಂದು ಕೆಲವು ದಿನ ಇದ್ದು ಬೇಯಿಸಿ ಉಣ್ಣಿಸಿದಳು. ಮೈ ಒರೆಸುವುದು, ಮಲದ ಬೇಸಿನ್ ತೊಳೆಯುವುದು, ಹಾಸಿಗೆಯ ಬಟ್ಟೆ ಒಗೆಯುವುದು ಕಮಲಿನಿಯ ಪಾಲು. ಹೇಲು ಉಚ್ಚೆ ಬಳಿಯಲು ಆಗುವ ಕೈ ಅನ್ನ ಕಲಸಲು ಆಗದು! ಈ ನ್ಯಾಯವನ್ನು ನೆನೆದರೆ ಮೈ ಉರಿಯುತ್ತದೆ. ಕಮಲಿನಿಯ ಮೈಯೂ ಉರಿಯಿತು, ಆದರೆ ಕೈ ನಿಲ್ಲಲಿಲ್ಲ.

ತನ್ನ ಮಗುವನ್ನು ಕೊಯಮತ್ತೂರಿನಲ್ಲಿ ಸ್ಕೂಲಿಗೆ ಸೇರಿಸಬೇಕಿತ್ತು, ಮೈತ್ರೇಯಿ ಹೊರಡಲೇಬೇಕಾಯಿತು. ಹೊರಡುವ ಮುಂಚೆ ಕಮಲಿನಿಯನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು. "ಅಕ್ಕಾ, ನಾನು ಹೋಗೋದು ಅತ್ತೆಗೆ ಹೇಳಿಲ್ಲ. ನನ್ನ ಧಾಬಳಿ ಉಟ್ಕೊಂಡು ನೀವೇ ಉಣ್ಣಿಸಿ. ಅವರು ಸೆರಗು ಮುಟ್ಟಿ ನೋಡಿಯೇ ಬಾಯಿ ತೆಗೆಯೋದು. ನೀವು ಮಾತೊಂದು ಆಡಬೇಡಿ, ಸಾಕು."

"ಮೋಸ ಅಲ್ವೇನೇ?"

"ಉಪವಾಸ ಸಾಯಿಸೋದು ಮೋಸ ಅಲ್ವಾ?"

ಮರುದಿನ ಕಮಲಿನಿ ಆ ಕೇಸರಿ ಸುಳ್ಳನ್ನು ಉಟ್ಟಳು. ಒಳಗಿನ ಒಲೆಯನ್ನು ಮೊದಲ ಸಲ ಹೊತ್ತಿಸಿದಳು. ಅನ್ನ ಮೆತ್ತಗೆ ಬೇಯಿಸಿ, ಮೆಣಸಿನ ಸಾರಿನಲ್ಲಿ ಕಲಸಿ, ಮಂಚದ ಪಕ್ಕ ಕೂತಳು. ಮುದುಕಿಯ ಕೈ ಗಾಳಿಯಲ್ಲಿ ತಡವಿತು, ಸೆರಗು ಸಿಕ್ಕಿತು, ನುಣ್ಣನೆಯ ಅಂಚನ್ನು ಎರಡು ಬೆರಳು ಉಜ್ಜಿ ನೋಡಿದವು. ಬಾಯಿ ತೆರೆಯಿತು. ಮೊದಲ ತುತ್ತಿನಲ್ಲಿ ಅರ್ಧ ಗಲ್ಲದ ಮೇಲೆ ಬಿತ್ತು. ಸುಭದ್ರಾಬಾಯಿ ಅಗಿದರು, ನುಂಗಿದರು, ಮತ್ತೆ ಬಾಯಿ ತೆರೆದರು.

ಆ ದಿನಗಳಲ್ಲಿ ಕಮಲಿನಿಯನ್ನು ನೋಡಬೇಕಿತ್ತು. ಬೆಳಿಗ್ಗೆ ಏಳುವಾಗಲೇ ಇವತ್ತು ಏನು ಮಾಡಲಿ ಎಂಬ ಚಿಂತೆ. ಹೀರೇಕಾಯಿ ತೊವ್ವೆ, ಕರಿಬೇವಿನ ಗೊಜ್ಜು, ಗಸಗಸೆ ಪಾಯಸ. "ಏನೇ ಮೈತ್ರೇಯಿ, ಬಾಯಿ ಬಿದ್ದು ಹೋಯ್ತಾ ನಿಂಗೆ?" ಎಂದು ಮುದುಕಿ ಕೇಳಿದರೆ, "ಹೂಂ" ಎಂದಷ್ಟೇ ಗಂಟಲಲ್ಲಿ ಅನ್ನುವಳು. ಸಂತೋಷವೇ? ಸಂತೋಷವೇ. ಆದರೆ ಪ್ರತಿ ತುತ್ತೂ ಇನ್ನೊಬ್ಬಳ ಹೆಸರಿಗೆ ಹೋಗುತ್ತಿತ್ತು, ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಸಾಲು ಸಾಲು ಬಿಚ್ಚಿ ಹೆಣೆದವಳು, ಕುರಿಗೆ ಕೂದಲು ಬೆಳೆಯುವವರೆಗೆ ಕಾದವಳು, ಇದನ್ನೂ ತಾಳಿಕೊಳ್ಳುತ್ತಿದ್ದಳೇನೋ.

ದ್ವಾದಶಿಯ ದಿನ. ಹಿಂದಿನ ದಿನ ಉಪವಾಸವಿದ್ದ ಮುದುಕಿ ಹಸಿದು ಉಂಡರು, ಮಗು ಉಂಡಂತೆ ಉಂಡರು. ಕೊನೆಯ ತುತ್ತಿಗೆ ಮುಂಚೆ ತುಟಿ ನೆಕ್ಕಿಕೊಂಡು, "ರುಚಿ ಅಂದ್ರೆ ನಿನ್ನ ಕೈದು ಕಣೆ ಮೈತ್ರೇಯಿ. ಆ ಏರ್ಕಾಡಿನವಳು ಏಳು ಜನ್ಮ ಎತ್ತಿ ಬಂದ್ರೂ ಅವಳ ಕೈಗೆ ಈ ರುಚಿ ಬರೋದಿಲ್ಲ," ಅಂದರು.

ಕಮಲಿನಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

"ನಾನು ಮೈತ್ರೇಯಿ ಅಲ್ಲ. ಕಮಲಿನಿ! ಅವಳು ಹೋಗಿ ಎಷ್ಟೋ ದಿನ ಆಯ್ತು. ನೀವು ಉಂಡಿದ್ದೆಲ್ಲ ನನ್ನ ಕೈದು, ಈ ಅನ್ನ, ಈ ಸಾರು, ಮೊನ್ನೆ ಆಚೆಮೊನ್ನೆಯದು ಎಲ್ಲಾ ನಂದು! ಈ ರುಚಿ ನಂದು ಅತ್ತೆ!"

ಸುಭದ್ರಾಬಾಯಿ ಬಾಯಲ್ಲಿದ್ದದ್ದನ್ನು ಉಗುಳಲಿಲ್ಲ. ನಿಧಾನವಾಗಿ ನುಂಗಿದರು.

"ಗೊತ್ತಿತ್ತು ಕಣೆ," ಅಂದರು.

ಕಮಲಿನಿ ಕುಕ್ಕಿದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು.

"ಮೊದಲನೇ ತುತ್ತಿಗೇ ಗೊತ್ತಾಯ್ತು. ಅವಳು ಮಾತಾಡದೆ ಒಂದು ತುತ್ತು ಕೊಟ್ಟವಳಾ? ನಿನ್ನ ಬೆರಳು ನನಗೆ ಗೊತ್ತಿಲ್ವಾ, ದಿನಾ ಮೈ ಒರೆಸೋ ಬೆರಳು? ಆ ಉಣ್ಣೆ ಹೆಣೆದು ಹೆಣೆದು ಒರಟಾಗಿದೆ." ಮುದುಕಿಯ ಕುರುಡು ಕಣ್ಣು ಸೂರಿನ ಕಡೆಗಿತ್ತು. "ಸುಮ್ಮನೆ ಕೆಣಕೋದಕ್ಕೆ ಅಂದೆ. ಒಳಗೊಳಗೇ ನಗ್ತೀಯ ಅಂದ್ಕೊಂಡೆ. ಹೇಳಬಾರದಿತ್ತು ಕಮಲಿನಿ. ಕಣ್ಣಿಲ್ಲದ ಮುದುಕಿ ಗೊತ್ತಿಲ್ಲದೆ ಉಂಡಳು ಅಂತ ದೇವರ ಹತ್ತಿರ ಹೇಳ್ಕೋಬಹುದಿತ್ತು. ಈಗ ನೀನು ಬಾಯಿ ಬಿಟ್ಟು ಹೇಳಿದೆ, ನಾನು ಕಿವಿಯಾರೆ ಕೇಳಿದೆ. ಇನ್ನು ಹೇಗೆ ಉಣ್ಲಿ ಹೇಳು?"

"ಅತ್ತೆ, ನಾನು ಏನೂ ಹೇಳಲಿಲ್ಲ ಅಂತ ಇಟ್ಕೊಳ್ಳಿ. ಇನ್ನೊಂದು ತುತ್ತು ಇದೆ."

"ಹೃಷಿಯನ್ನು ಕರಿ. ಬಾಯಿ ತೊಳೆಯೋದಕ್ಕೆ ನೀರು ಕೊಡಲಿ."

ಮರುದಿನ ಅವಳು ಅನ್ನ ಕಲಸಿ ತಂದಳು. ಸೆರಗನ್ನು ತಾನೇ ಆ ಕೈಗೆ ಹಿಡಿಸಿದಳು. ಬೆರಳುಗಳು ಅದನ್ನು ಬಿಟ್ಟವು. ಸುಭದ್ರಾಬಾಯಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ತುಟಿ ಬಿಗಿದುಕೊಂಡರು. ಅದರ ಮರುದಿನವೂ ಹಾಗೇ. ಮಗ ಬಾಳೆಹಣ್ಣು ಸುಲಿದು ಕೊಟ್ಟರೆ ಒಂದೆರಡು ಚೂರು ತಿನ್ನುವರು.

"ಮೊನ್ನೆವರೆಗೂ ಚೆನ್ನಾಗಿ ಉಣ್ತಿದ್ದಳಲ್ಲೇ ಅಮ್ಮ," ಅಂದ ಹೃಷೀಕೇಶ, ಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡು. "ಏನಾಯ್ತು? ಏನು ಮಾಡಿದೆ ನೀನು?"

ಕಮಲಿನಿ ತಣ್ಣಗಾದ ಅನ್ನದ ತಟ್ಟೆಯನ್ನು ಎತ್ತಿಕೊಂಡಳು.

"ನನ್ನ ಹೆಸರು ಹೇಳಿದೆ," ಅಂದಳು.